ತಾರೀಖಕ್ಕ ಮತ್ತು ಏನೂ ಮಾಡದ ಹುಡುಗಿ

ಕಾಲೇಜಿನ ಎರಡನೇ ಮಹಡಿಯಲ್ಲಿ, ಕಕ್ಕಸಿಗೆ ಅಂಟಿಕೊಂಡ ಕೋಣೆಯಲ್ಲಿ ಹೊರದೇಶದ ವಿದ್ಯಾರ್ಥಿಗಳ ವಿಭಾಗ. ಅಲ್ಲಿ ನಾಲ್ಕನೇ ಕಿಟಕಿಯ ಹಿಂದೆ ಕೂರುವ ಹೆಂಗಸಿಗೆ ಹೆತ್ತವರು ಇಟ್ಟ ಹೆಸರೊಂದು ಇತ್ತು. ಅದು ಸಂಬಳದ ಚೀಟಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಎಲ್ಲರಿಗೂ ಅವಳು ತಾರೀಖಕ್ಕ. ಯಾರು ಏನು ಕೇಳಿಕೊಂಡು ಬಂದರೂ ಅವಳ ಬಾಯಿಂದ ಮೊದಲು ಉದುರುವ ಮಾತು "ತಾರೀಖು ಯಾವುದು?" ಪಕ್ಕದ ಕಿಟಕಿಯ ಗುಮಾಸ್ತ ಹೆಂಡತಿ ಹೆತ್ತಳು ಅಂತ ಹಲ್ಲು ಕಿರಿದು ಓಡಿ ಬಂದಾಗಲೂ ಅವಳು ಗಂಡೋ ಹೆಣ್ಣೋ ಕೇಳಲಿಲ್ಲ, ಅದನ್ನೇ ಕೇಳಿದಳು.

ಅವಳ ಮೇಜಿನ ಮೇಲಿದ್ದ ನಿಯಮದ ಪುಸ್ತಕ ಇಟ್ಟಿಗೆಯಷ್ಟು ದಪ್ಪ. ಅದರ ಸಾರ ಮಾತ್ರ ಸಣ್ಣದು. ಹೊರದೇಶದಿಂದ ಓದಲು ಬಂದವರು ಇಲ್ಲಿನವರಿಗಿಂತ ಮೂರು ಪಟ್ಟು ಶುಲ್ಕ ಕಟ್ಟುತ್ತಾರೆ, ಅದಕ್ಕೆ ಯಾರ ಅನುಮತಿಯೂ ಬೇಕಿಲ್ಲ. ದುಡಿಯುವುದಕ್ಕೆ ಬೇಕು. ಓದಿನ ಭಾಗವಾದ ಇಂಟರ್ನ್‌ಶಿಪ್‌ಗೂ ಬೇಕು, ಸಂಬಳವಿಲ್ಲದ ಬಿಟ್ಟಿ ಚಾಕರಿಗೂ ಬೇಕು. ಕಂಪನಿ ಪತ್ರ ಕೊಡಬೇಕು, ಮೇಷ್ಟ್ರು ಸಹಿ ಹಾಕಬೇಕು, ವಾರಕ್ಕೆ ಎಷ್ಟು ಗಂಟೆ ಅಂತ ನಮೂದಿಸಬೇಕು. ಇಷ್ಟೆಲ್ಲ ಆದ ಮೇಲೆ ಒಂದು ನೀಲಿ ಕಾರ್ಡು ಬರುತ್ತದೆ. ಕಾರ್ಡಿನ ಮೇಲಿನ ದಿನಕ್ಕಿಂತ ಒಂದು ದಿನ ಮುಂಚೆ ಕೈಗೆ ಸ್ಪ್ಯಾನರ್ ಹಿಡಿದರೂ ಅಪರಾಧವೇ. ಸಿಕ್ಕಿಬಿದ್ದರೆ ಹದಿನೈದು ದಿನದಲ್ಲಿ ಗಂಟುಮೂಟೆ ಕಟ್ಟಬೇಕು. ಶುಲ್ಕ ಕಟ್ಟುವಾಗ ಅತಿಥಿ, ಕೆಲಸ ಕೇಳಿದರೆ ಕಳ್ಳ.

ಈ ನಿಯಮ ಬರೆದವರ ಮೇಲೆ ತಾರೀಖಕ್ಕನಿಗೆ ಕಿಲುಬುಕಾಸಿನ ಗೌರವವೂ ಇರಲಿಲ್ಲ. ಆದರೂ ಅಕ್ಷರ ಬಿಡದೆ ಪಾಲಿಸುತ್ತಿದ್ದಳು. ಅದಕ್ಕೆ ಕಾರಣವಿತ್ತು. ಅವಳೂ ಇದೇ ಕಾಲೇಜಿನಲ್ಲಿ ಹನ್ನೊಂದು ವರ್ಷ ಹಂಗಾಮಿಯಾಗಿ ಸವೆದವಳು. ಮೂರು ತಿಂಗಳಿಗೊಮ್ಮೆ ಅವಳ ನೇಮಕದ ಕಾಗದ ಪ್ರಾಣ ಬಿಡುತ್ತಿತ್ತು. ಒಂದು ಸಲ ಯಾರೋ ಪುಣ್ಯಾತ್ಮ ತಾರೀಖು ತಪ್ಪಾಗಿ ಬರೆದು, ನಾಲ್ಕು ದಿನ ಅವಳು ಕುರ್ಚಿಯಲ್ಲಿ ಕೂತು ಬೆರಳಚ್ಚು ಕುಟ್ಟುತ್ತಿದ್ದರೂ ಕಚೇರಿಯ ಲೆಕ್ಕಕ್ಕೆ ಇಲ್ಲವೇ ಇಲ್ಲ ಎಂದಾಗಿತ್ತು. ಕೊನೆಗೆ ಮೂವತ್ತು ಮಂದಿ ಹಂಗಾಮಿಗಳು ಕಾಲೇಜಿನ ಮೆಟ್ಟಿಲ ಮೇಲೆ ಹತ್ತೊಂಬತ್ತು ದಿನ ಕೂತು, ಮೇಲಿನ ದೊರೆಗಳು ಊಟಕ್ಕೆ ಇಳಿಯಲೂ ಆಗದ ಹಾಗೆ ಮಾಡಿ ಖಾಯಂ ಆದರು. ಅವತ್ತಿನಿಂದ ಅವಳು ಕಾಗದವನ್ನು ನಾಯಿಯನ್ನು ನೋಡಿದ ಹಾಗೆ ನೋಡುತ್ತಾಳೆ. ಕಚ್ಚುವುದು ಗೊತ್ತು, ಆದ್ದರಿಂದ ಹಲ್ಲು ಎಣಿಸಿಕೊಂಡೇ ಹತ್ತಿರ ಬಿಡುವುದು.

ಒಂದು ಮಂಗಳವಾರ ಅವಳ ಕಿಟಕಿಗೆ ಯಂತ್ರ ವಿಭಾಗದ ಹುಡುಗಿಯೊಬ್ಬಳು ಬಂದಳು. ಕತ್ತರಿಸಿದ ಕೂದಲು, ಮೊಣಕಾಲಲ್ಲಿ ತೇಪೆ ಹಾಕಿದ ಪ್ಯಾಂಟು. ಈ ಭಾಷೆಯ ಮಾತನ್ನು ಬೀದಿಯಿಂದ, ಮರ್ಯಾದೆಯನ್ನು ಪುಸ್ತಕದಿಂದ ಕಲಿತಿದ್ದಳಾದ್ದರಿಂದ ಗೇಟಿನ ನಾಯಿಗೂ "ಸ್ವಲ್ಪ ಸರೀತೀರಾ?" ಅನ್ನುವ ಜಾತಿ. ಲಿಫ್ಟ್ ರಿಪೇರಿ ಶೆಡ್ಡೊಂದರಲ್ಲಿ ಇಂಟರ್ನ್‌ಶಿಪ್ ಸಿಕ್ಕಿತ್ತು. ಅರ್ಜಿಯ ಜೊತೆ ಶೆಡ್ಡಿನ ಯಜಮಾನನ ಪತ್ರವಿತ್ತು. ಹುಡುಗಿಯ ಮುಖ ಹಿಗ್ಗಿ ಹೀರೇಕಾಯಿಯಾಗಿತ್ತು.

ತಾರೀಖಕ್ಕ ಪತ್ರ ಓದಿದಳು. ಕನ್ನಡಕ ತೆಗೆದಳು. ಒರೆಸಿ ಹಾಕಿಕೊಂಡು ಮತ್ತೆ ಓದಿದಳು.

"ಈ ಹುಡುಗಿ ಕಳೆದ ಒಂಬತ್ತು ದಿನಗಳಿಂದ ನಮ್ಮಲ್ಲಿ ಹಗಲಿಡೀ ದುಡಿಯುತ್ತಿದ್ದಾಳೆ. ಮೂರು ಲಿಫ್ಟುಗಳನ್ನು ಒಬ್ಬಳೇ ರಿಪೇರಿ ಮಾಡಿದ್ದಾಳೆ. ಇವಳಿಲ್ಲದೆ ನಮ್ಮ ಶೆಡ್ಡು ಒಂದು ದಿನವೂ ನಡೆಯುವುದಿಲ್ಲ. ಆದ್ದರಿಂದ ಇವಳಿಗೆ ಕೆಲಸ ಮಾಡಲು ದಯವಿಟ್ಟು ಅನುಮತಿ ಕೊಡಬೇಕು."

"ಇದನ್ನ ಯಾರಿಗಾದ್ರೂ ತೋರಿಸಿದೀಯೇನಮ್ಮ?" ಅವಳಿಗೆ ತಾರೀಖು ಕೇಳುವುದೂ ಮರೆತುಹೋಗಿತ್ತು.

"ಕೆಳಗಡೆ ಆವಕ ವಿಭಾಗದಲ್ಲಿ ಮೊಹರು ಹಾಕಿಸ್ಕೊಂಡು ಬಂದೆ ಅಕ್ಕಾ. ಅವರೂ ಓದಿದ್ರು. ತುಂಬಾ ಚೆನ್ನಾಗಿ ಬರೆದಿದಾರೆ ಅಂದ್ರು."

"ಚೆನ್ನಾಗೇ ಬರೆದಿದಾನೆ. ಇದು ಶಿಫಾರಸಲ್ಲ ತಾಯಿ, ಚಾರ್ಜ್‌ಶೀಟು. ಕಾರ್ಡಿಲ್ಲದೆ ಒಂಬತ್ತು ದಿನ ಕೆಲಸ ಮಾಡಿದೀನಿ, ನನ್ನನ್ನ ಊರಿಗೆ ಕಳಿಸಿ ಅಂತ ಅರ್ಥ."

ಹುಡುಗಿಯ ಮುಖದ ಹಿಗ್ಗು ಇಳಿದುಹೋಯಿತು. "ನಾನು ಏನೂ ಮಾಡ್ಲಿಲ್ಲ ಅಕ್ಕಾ! ಆ ಶೆಡ್ಡಲ್ಲಿ ಹೊಸಬರು ಮೊದಲ ಹತ್ತು ದಿನ ಬರೀ ಕೂತು ಸದ್ದು ಕೇಳ್ಬೇಕು. ಲಿಫ್ಟಿನ ಸದ್ದು. ಕಿವಿ ಹದ ಆಗೋತನಕ ಕೈ ಇಡಬಾರದು ಅಂತ ಅಲ್ಲಿ ಪದ್ಧತಿ. ಒಂದು ಪೆಟ್ಟಿಗೆ ಮೇಲೆ ಕೂತಿದ್ದೆ, ಅಷ್ಟೇ."

"ಮತ್ತೆ ಮೂರು ಲಿಫ್ಟು?"

"ಯಜಮಾನರಿಗೆ ನನ್ನ ಮೇಲೆ ಪ್ರೀತಿ ಜಾಸ್ತಿ."

ನೋಡುವುದಕ್ಕೆ ಹೋಗುವುದು ತಪ್ಪಲ್ಲ, ಮಾಡುವುದು ತಪ್ಪು. ಇಷ್ಟು ತಾರೀಖಕ್ಕನಿಗೆ ಗೊತ್ತಿತ್ತು. ಆದರೆ ಮೊಹರು ಬಿದ್ದ ಕಾಗದ ಹರಿಯುವ ಹಾಗಿಲ್ಲ. ಒಳಗೆ ಸಾಹೇಬರ ಹತ್ತಿರ ಒಯ್ದಳು. ಸಾಹೇಬರು ಅವಳಿಗಿಂತ ಇಪ್ಪತ್ತು ವರ್ಷ ಚಿಕ್ಕವರು, ಕೆಟ್ಟವರಲ್ಲ, ಆದರೆ ಫ್ಯಾನಿನ ಗಾಳಿಗೆ ಕಾಗದ ಅಲ್ಲಾಡಿದರೂ ಬೆಚ್ಚುವ ಪೈಕಿ. ಓದಿ, ಪತ್ರವನ್ನು ಬಿಸಿ ಪಾತ್ರೆಯಂತೆ ಮೇಜಿನ ಮೇಲಿಟ್ಟರು.

"ಶುಕ್ರವಾರದೊಳಗೆ ಆ ಹುಡುಗಿ ಕೆಲಸ ಮಾಡಿಲ್ಲ ಅನ್ನೋಕೆ ಪುರಾವೆ ತರ್ಬೇಕು. ಇಲ್ಲಾಂದ್ರೆ ವಲಸೆ ಇಲಾಖೆಗೆ ಬರೀದೆ ನನಗೆ ವಿಧಿಯಿಲ್ಲ."

"ಮಾಡಿದ್ದಕ್ಕೆ ಪುರಾವೆ ಇರುತ್ತೆ ಸಾರ್. ಮಾಡದೇ ಇದ್ದದ್ದಕ್ಕೆ ಎಲ್ಲಿಂದ ತರೋದು?"

"ಅದು ನಿಮಗೆ ಬಿಟ್ಟಿದ್ದು," ಎಂದು ಸಾಹೇಬರು ಕೈ ತೊಳೆದುಕೊಂಡರು.

ಮರುದಿನ ಅರ್ಧ ದಿನ ರಜೆ ಹಾಕಿ ತಾರೀಖಕ್ಕ ಶೆಡ್ಡಿಗೆ ಹೋದಳು. ಟೈರು ಅಂಗಡಿಗಳ ಸಾಲಿನ ಹಿಂದೆ ತಗಡಿನ ಮಾಡು. ಒಳಗೆ ಬಾಗಿಲು ಕಳಚಿದ ಲಿಫ್ಟಿನ ಡಬ್ಬಿಗಳು ಹಲ್ಲಿಲ್ಲದ ಬಾಯಿ ತೆರೆದುಕೊಂಡು ನಿಂತಿದ್ದವು. ಉಕ್ಕಿನ ಹಗ್ಗದ ಸುರುಳಿಗಳು, ಎದೆಯೆತ್ತರದ ಗಾಲಿಗಳು, ಎಲ್ಲದರ ಮೇಲೂ ಗ್ರೀಸಿನ ವಾಸನೆ. ಹಿಂದಿನ ಗೋಡೆಗೆ ಸಾಮಾನು ಕೊಡುವ ಕೋಣೆಯ ಸಣ್ಣ ಕಿಟಕಿ, ಮುಚ್ಚಿತ್ತು. ಅದರ ಮೇಲೆ ಬಣ್ಣದಲ್ಲಿ ಬರೆದಿತ್ತು: "ಬಿಲ್ಲೆ ಇಲ್ಲದೆ ಸಾಮಾನು ಇಲ್ಲ. ಕೇಳಬೇಡಿ."

ಕಾಲೇಜಿನಿಂದ ಹುಡುಗಿಯ ಬಗ್ಗೆ ವಿಚಾರಿಸಲು ಬಂದಿದ್ದಾರೆ ಅಂದದ್ದೇ ತಡ, ಶೆಡ್ಡಿಗೆ ಶೆಡ್ಡೇ ಕೈ ಒರೆಸಿಕೊಂಡು ಸುತ್ತ ನೆರೆಯಿತು. ಪರೀಕ್ಷೆಗೆ ಅಂಕ ಕೊಡಲು ಬಂದವಳು ಅಂದುಕೊಂಡರು.

"ಯಾಕಮ್ಮನ ಬಗ್ಗೆನಾ?" ಎಂದ ಹೆಡ್ ಮೆಕ್ಯಾನಿಕ್ಕು. ಎಲ್ಲದಕ್ಕೂ ಯಾಕೆ ಯಾಕೆ ಅಂತ ಕೇಳುತ್ತಿದ್ದಳಂತೆ, ಶೆಡ್ಡಿನವರು ಇಟ್ಟ ಹೆಸರು. "ಬಂಗಾರ ಮೇಡಂ, ಬಂಗಾರ. ನನ್ನ ಅರ್ಧ ಕೆಲಸ ಅವಳೇ ಮಾಡ್ತಾಳೆ."

"ಅರ್ಧ ಅಲ್ಲ, ಮುಕ್ಕಾಲು," ಎಂದಳು ವೆಲ್ಡಿಂಗ್ ಮಾಡುವ ಹೆಂಗಸು, ಶೆಡ್ಡಿಗೆಲ್ಲ ಚಿಕ್ಕಮ್ಮ, ಮುಖದ ತಗಡನ್ನು ನೆತ್ತಿಗೇರಿಸಿ. "ಮೊನ್ನೆ ಆಸ್ಪತ್ರೆ ಲಿಫ್ಟು ಕೆಟ್ಟಾಗ ಒಬ್ಬಳೇ ಮೇಲೆ ಹತ್ತಿದ್ಲು. ನಾವೆಲ್ಲ ಕೆಳಗೆ ನಿಂತು ಚಪ್ಪಾಳೆ ತಟ್ಟಿದ್ವಿ."

"ಊಟಕ್ಕೂ ಏಳಲ್ಲ ಅಂತೀನಿ," ಎಂದ ಯಜಮಾನ, ಹೊಟ್ಟೆಯ ಮೇಲೆ ಕೈ ಇಟ್ಟು. "ನಾನೇ ಕೈಹಿಡಿದು ಎಬ್ಬಿಸ್ಬೇಕು."

"ಇನ್ನೂ ಏನಾದ್ರೂ ಇದೆಯಾ?" ಎಂದಳು ತಾರೀಖಕ್ಕ.

"ಹಗ್ಗಾನೂ ಅವಳೇ ಬದಲಾಯಿಸಿದ್ದು!" ಎಂದು ಹಿಂದಿನಿಂದ ಯಾರೋ ಕೂಗಿದರು. ನಾಲ್ಕು ಜನ ಎತ್ತಿದರೂ ಏಳದ ಹಗ್ಗ ಅದು.

"ಭಲೇ. ಎಲ್ಲಾ ಸೇರಿ ಅವಳ ಗುಂಡಿ ತೋಡಿದ್ರಿ. ಮಣ್ಣು ಹಾಕೋದೊಂದು ಬಾಕಿ." ತಾರೀಖಕ್ಕ ನಿಯಮ ಬಿಡಿಸಿ ಹೇಳಿದಳು. ಕಾರ್ಡು ಬರುವ ಮುಂಚೆ ಕೆಲಸ ಮಾಡಿದ್ದರೆ ಹುಡುಗಿ ಓದು ಬಿಟ್ಟು ವಾಪಸು.

ಕೈ ಒರೆಸುತ್ತಿದ್ದ ಬಟ್ಟೆಗಳೆಲ್ಲ ಜೇಬಿಗೆ ಹೋದವು. ಆಮೇಲೆ ಹೆಡ್ ಮೆಕ್ಯಾನಿಕ್ಕು ಗಂಟಲು ಸರಿಮಾಡಿಕೊಂಡ.

"ಯಾವ ಹುಡುಗಿ ಮೇಡಂ?"

"ಇಲ್ಲಿಗೆ ಹುಡುಗಿಯರು ಬರೋದೇ ಇಲ್ಲ," ಎಂದಳು ಚಿಕ್ಕಮ್ಮ.

"ನಾನು ಆ ಪತ್ರ ಬರೆದೇ ಇಲ್ಲ," ಎಂದ ಯಜಮಾನ. "ನನಗೆ ಬರೆಯೋಕೇ ಬರಲ್ಲ."

ತಾರೀಖಕ್ಕನಿಗೆ ಹೊಟ್ಟೆಯಲ್ಲಿ ನಗು, ನೆತ್ತಿಯಲ್ಲಿ ಉರಿ. ಇವರಲ್ಲಿ ಒಬ್ಬರೂ ಕೆಟ್ಟವರಲ್ಲ, ಅದೇ ಕಷ್ಟ. ಅವಳನ್ನು ಉಳಿಸಲು ಏನು ಬೇಕಾದರೂ ಹೇಳಿಯಾರು, ಹಾಗಾಗಿ ಇವರು ಹೇಳಿದ್ದು ಯಾವುದಕ್ಕೂ ಮೂರು ಕಾಸಿನ ಬೆಲೆಯಿಲ್ಲ. ಗೇಟಿನವರೆಗೆ ಬಂದ ಚಿಕ್ಕಮ್ಮ ಕಿವಿಯಲ್ಲಿ ಉಸುರಿದಳು: "ಇವತ್ತು ಸ್ಟೋರಿನ ಬೀಗಪ್ಪ ಇಲ್ಲದ್ದು ಪುಣ್ಯ. ಹಲ್ಲು ಕೀಳಿಸ್ಕೊಳ್ಳೋಕೆ ಹೋಗಿದಾನೆ. ಅವನಿಗೆ ಆ ಹುಡುಗೀನ ಕಂಡ್ರೆ ಮೈಯೆಲ್ಲ ಮೆಣಸಿನಕಾಯಿ. ಏನೇನು ಕೊಳಕು ಹೇಳ್ತಿದ್ನೋ."

ಸಂಜೆ ಮನೆಯಲ್ಲಿ ತಾರೀಖಕ್ಕನ ಅತ್ತೆ ಬಟಾಣಿ ಬಿಡಿಸುತ್ತಾ ಕೂತಿದ್ದರು. ಎಂಬತ್ತು ದಾಟಿತ್ತು. ಕಣ್ಣು ಮಂಜಾಗಿದ್ದರೂ ನಾಲಿಗೆಯ ಹರಿತ ಹಾಗೇ ಇತ್ತು. ಬಸ್ಸಿನ ಕಂಡಕ್ಟರಾದ ತಾರೀಖಕ್ಕನ ಗಂಡ ಹಗಲಿಡೀ ಜನರ ಕೂಗು ಕೇಳಿ ಸಾಕಾಗಿ ಮನೆಯಲ್ಲಿ ಬಾಯಿ ತೆರೆಯುತ್ತಿರಲಿಲ್ಲ. ಮಾತೆಲ್ಲ ಸೊಸೆಯದು, ಕೊಂಕೆಲ್ಲ ಅತ್ತೆಯದು. ಸೊಸೆ ಬಟಾಣಿಗೆ ಕೈಹಾಕಿ ಶೆಡ್ಡಿನ ಕತೆ ಹೇಳಿದಳು.

"ನಿನಗೆ ತಲೆ ಇದೆ ಅಂತ ನನ್ನ ಮಗ ಮದುವೆ ಆದ," ಎಂದರು ಅತ್ತೆ. "ನಾನು ಅವತ್ತೇ ಬೇಡ ಅಂದಿದ್ದೆ."

"ಅದು ಆಮೇಲೆ ಬೈಯಿರಿ. ಈಗ ಏನು ಮಾಡಲಿ ಹೇಳಿ."

"ಅಲ್ಲ ಕಣೇ, ಪ್ರೀತಿ ಇರೋರ ಹತ್ರ ಹೋಗಿ ನಿಜ ಹೇಳಿ ಅಂತೀಯಲ್ಲ! ಅವರಿಗೆ ಎಲ್ಲಿಂದ ಬರ್ಬೇಕು ನಿಜ? ನಾಳೆ ಯಾರಾದ್ರೂ ಬಂದು ನೀನು ಮನೇಲಿ ಎಷ್ಟು ಕೆಲಸ ಮಾಡ್ತೀಯ ಅಂತ ವಿಚಾರಿಸಿದ್ರು ಅಂತಿಟ್ಕೋ. ನಿನ್ನ ಗಂಡನ್ನ ಕೇಳಿದ್ರೆ ಏನು ಗೊತ್ತಾಗುತ್ತೆ? ನನ್ನನ್ನ ಕೇಳ್ಬೇಕು. ನೀನು ಎಷ್ಟು ಹೊತ್ತು ಸುಮ್ನೆ ಕೂತಿದ್ದೆ, ಗಳಿಗೆ ಲೆಕ್ಕದಲ್ಲಿ ಹೇಳ್ತೀನಿ."

ತಾರೀಖಕ್ಕನ ಕೈಯ ಬಟಾಣಿ ಕೆಳಗೆ ಬಿತ್ತು. ಮದುವೆಯಾಗಿ ಮೂವತ್ತು ವರ್ಷದಲ್ಲಿ ಮೊದಲ ಸಲ ಅವಳಿಗೆ ಅತ್ತೆಯನ್ನು ತಬ್ಬಿಕೊಳ್ಳಬೇಕೆನಿಸಿತು. ತಬ್ಬಿಕೊಳ್ಳಲಿಲ್ಲ. ಅಭ್ಯಾಸ ಕೆಡುತ್ತದೆ.

ಗುರುವಾರ ಬೆಳಿಗ್ಗೆ ಏಳಕ್ಕೇ ಅವಳು ಶೆಡ್ಡಿನ ಗೇಟಿನಲ್ಲಿದ್ದಳು. ಎಲ್ಲರಿಗಿಂತ ಮುಂಚೆ ಬಂದು ಬಾಗಿಲು ತೆಗೆಯುವವನು ಬೀಗಪ್ಪ. ಮಿಕ್ಕವರು ಬಂದು ಅವನ ಕಿವಿ ಊದುವ ಮೊದಲು ಕೆಲಸ ಮುಗಿಯಬೇಕು. ಬೀಗಪ್ಪ ಕೆನ್ನೆ ಬನ್ನಿನಂತೆ ಊದಿಸಿಕೊಂಡು, ಗಲ್ಲಕ್ಕೆ ಬಟ್ಟೆ ಕಟ್ಟಿಕೊಂಡು, ಸೊಂಟದಲ್ಲಿ ಬೀಗದ ಕೈಗೊಂಚಲು ಝಣಗುಟ್ಟಿಸುತ್ತ ಬಂದ.

"ಕಾಲೇಜಿನಿಂದ ಬಂದಿದೀನಿ. ಒಬ್ಬ ಹುಡುಗಿ ಇಲ್ಲಿ ಬರ್ತಿದ್ಲಲ್ಲ..."

"ಯಾಕಮ್ಮ!" ಹಲ್ಲು ಹೋದ ನೋವು ಒಮ್ಮೆಲೇ ಮಾಯವಾಯಿತು. "ಬನ್ನಿ, ಕೂತ್ಕೊಳ್ಳಿ. ಇಷ್ಟು ದಿನಕ್ಕೆ ಕೇಳೋರು ಒಬ್ಬರು ಬಂದ್ರಲ್ಲ! ಅಂಥಾ ನಿರುಪಯೋಗಿ ಪ್ರಾಣೀನ ನನ್ನ ಇಪ್ಪತ್ತೆಂಟು ವರ್ಷದ ಸರ್ವೀಸಲ್ಲಿ ನೋಡಿಲ್ಲ."

"ಕೆಲಸ ಚೆನ್ನಾಗಿ ಮಾಡಲ್ವಾ?"

"ಮಾಡೋದಾ? ಮಾಡಿದ್ರೆ ತಾನೇ ಚೆನ್ನಾಗಿ, ಕೆಟ್ಟದಾಗಿ ಅನ್ನೋದು! ಒಂಬತ್ತು ದಿನ ಆ ಪೆಟ್ಟಿಗೆ ಮೇಲೆ ಕೊಕ್ಕರೆ ಥರ ಕೂತಿದ್ಲು. ಒಂದು ಬೋಲ್ಟು ಎತ್ತಿಲ್ಲ, ಒಂದು ಬಟ್ಟೆ ಹಿಂಡಿಲ್ಲ. ಬಾಯಿ ಮಾತ್ರ ನಿಲ್ತಿರ್ಲಿಲ್ಲ. ಬಿಲ್ಲೆ ಯಾಕೆ ದುಂಡಗಿದೆ? ಸ್ಪ್ಯಾನರು ಯಾಕೆ ಈ ಕಡೆಯಿಂದ ಜೋಡಿಸಿದೀರಿ? ಆ ಕಡೆಯಿಂದ ಜೋಡಿಸಿದ್ರೆ ಬೇಗ ಸಿಗಲ್ವಾ? ನನಗೆ! ಸ್ಪ್ಯಾನರು ಜೋಡಿಸೋದು ಹೇಳ್ಕೊಡ್ತಾಳೆ!"

"ಛೆ ಛೆ," ಎಂದಳು ತಾರೀಖಕ್ಕ, ತುಟಿ ಕಚ್ಚಿ. "ಯಾರೂ ನೋಡದಾಗ ಏನಾದ್ರೂ ಮುಟ್ಟಿರಬಹುದು."

ಬೀಗಪ್ಪನಿಗೆ ಅವಮಾನವಾಯಿತು. "ನನ್ನ ಕಣ್ಣು ತಪ್ಪಿಸಿ?" ಅವನು ಎದೆಯಗಲದ ರಿಜಿಸ್ಟರು ತೆಗೆದು ಅವಳ ಮುಂದೆ ಕುಕ್ಕಿದ. ಆ ಶೆಡ್ಡಿನಲ್ಲಿ ಪ್ರತಿಯೊಬ್ಬ ಕೆಲಸಗಾರನಿಗೂ ನಂಬರು ಕೊರೆದ ಹಿತ್ತಾಳೆ ಬಿಲ್ಲೆಗಳು. ಬಿಲ್ಲೆ ಮೊಳೆಗೆ ತೂಗುಹಾಕಿದರೆ ಸಾಮಾನು, ಸಾಮಾನು ವಾಪಸು ಬಂದರೆ ಬಿಲ್ಲೆ. ಯಜಮಾನನಿಗೂ ವಿನಾಯಿತಿಯಿಲ್ಲ. "ನೋಡಿ. ಅವಳ ಹೆಸರಲ್ಲಿ ಬಿಲ್ಲೇನೇ ಕೊರೆದಿಲ್ಲ. ಒಂಬತ್ತು ದಿನದ ಪುಟ ಇದು, ಒಂದು ಸ್ಕ್ರೂಡ್ರೈವರೂ ಇಲ್ಲ. ಲಿಫ್ಟನ್ನ ಹಲ್ಲಲ್ಲಿ ಬಿಚ್ತಾಳಾ?"

"ಚಹಾ ಗಿಹಾ ಮಾಡಿ ಕೊಟ್ಟಿರಬೇಕು." ಅದೂ ಕೆಲಸದ ಲೆಕ್ಕಕ್ಕೆ ಬರುತ್ತದೆ, ಕೇಳದೆ ಬಿಡುವಂತಿಲ್ಲ.

"ಅಂಗಡಿಯಿಂದ ಬರುತ್ತೆ. ಇವಳು ಕುಡೀತಿದ್ಲು, ಅಷ್ಟೇ."

"ಊಟ? ಯಜಮಾನರು ಹಾಕ್ತಿದ್ರಾ?" ಬಿಟ್ಟಿ ಊಟವೂ ಕೂಲಿಯ ಲೆಕ್ಕಕ್ಕೆ ಬರುತ್ತದೆ.

"ಡಬ್ಬಿ ತರ್ತಿದ್ಲು. ನನ್ನ ಬಾಗಿಲಲ್ಲೇ ಕೂತು ತಿಂತಿದ್ಲು. ತುಣುಕು ಉದುರಿಸಿ!"

"ಅಣ್ಣಾ," ಎಂದಳು ತಾರೀಖಕ್ಕ, ದನಿಗೆ ಬೆಣ್ಣೆ ಹಚ್ಚಿ, "ಇಂಥದ್ದೆಲ್ಲ ಬಾಯಲ್ಲಿ ಹೇಳಿದ್ರೆ ಗಾಳಿಗೆ ಹೋಗುತ್ತೆ. ಬರೆದು ಕೊಡ್ತೀರಾ? ಆದ್ರೆ ಒಂದು. ಸಿಟ್ಟಲ್ಲಿ ಒಂದಕ್ಷರ ಕೂಡಿಸ್ಬಾರದು. ಕಂಡದ್ದು ಮಾತ್ರ."

"ಕಂಡದ್ದೇ ಸಾಕಷ್ಟಿದೆ."

ಬೀಗಪ್ಪ ಒಂದೂವರೆ ಪುಟ ಬರೆದ. ಬರೆಯುತ್ತಾ ಬರೆಯುತ್ತಾ ಅವನ ಕೆನ್ನೆಯ ಊತ ಇಳಿದ ಹಾಗೆ ಕಂಡಿತು. "ಸದರಿ ಹುಡುಗಿಯು ಒಂಬತ್ತು ದಿನ ಯಾವ ಕೆಲಸವನ್ನೂ ಮಾಡಿರುವುದಿಲ್ಲ. ಯಾವ ಸಾಮಾನನ್ನೂ ಮುಟ್ಟಿರುವುದಿಲ್ಲ. ಪ್ರಶ್ನೆ ಕೇಳಿ ಎಲ್ಲರ ತಲೆ ತಿಂದಿರುತ್ತಾಳೆ" ಎಂದು ಶುರುವಾಗಿ ಸ್ಪ್ಯಾನರಿನ ಪ್ರಸಂಗದಲ್ಲಿ ಮುಗಿಯಿತು. ತಾರೀಖಕ್ಕ ರಿಜಿಸ್ಟರಿನ ಪುಟದ ನಕಲನ್ನೂ ಮಾಡಿಸಿಕೊಂಡಳು. ಇದೆಲ್ಲ ಯಾವುದಕ್ಕೆ ಅಂತ ಅವನು ಕೇಳಲಿಲ್ಲ. ಅವಳೂ ಹೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದಳೇ? ಆ ಪ್ರಶ್ನೆಯನ್ನು ಅವಳು ಬಸ್ಸಿನಲ್ಲಿ ಸ್ವಲ್ಪ ಹೊತ್ತು ಯೋಚಿಸಿ, ಇಳಿಯುವ ಜಾಗ ಬಂದಾಗ ಬಿಟ್ಟುಬಿಟ್ಟಳು.

ಆದರೆ ಬಸ್ಸು ಹತ್ತುವ ಮುಂಚೆ ಯಜಮಾನನ ಸಹಿ ಆಗಬೇಕಿತ್ತು. ಅವನು ಒಂಬತ್ತಕ್ಕೆ ಬಂದ. ಬೀಗಪ್ಪನ ಕಾಗದ ಓದಿ ಕಿಡಿಕಿಡಿಯಾದ.

"ಈ ಹಾಳು ಮಾತಿನ ಕೆಳಗೆ ನಾನು ಸಹಿ ಹಾಕ್ಬೇಕಾ? ಊರಲ್ಲಿ ನನ್ನ ಮಾತಿಗೆ ಬೆಲೆ ಇದೆ ಮೇಡಂ!"

"ಎರಡೇ ದಾರಿ ಇರೋದು ಯಜಮಾನ್ರೇ. ಮೊದಲ ಪತ್ರ ನಿಜ ಅಂದ್ರೆ ಕಾರ್ಡಿಲ್ಲದೆ ದುಡಿಸಿದ್ದಕ್ಕೆ ನಿಮ್ಮ ಮೇಲೂ ಕೇಸು. ಸುಳ್ಳು ಅಂದ್ರೆ ನಿಮ್ಮ ಬಾಯಿ ಸ್ವಲ್ಪ ದೊಡ್ಡದು ಅಂತ ಮಾತ್ರ ಆಗುತ್ತೆ. ಅದು ಊರಿಗೆಲ್ಲ ಗೊತ್ತಿರೋದೇ ಅಲ್ವಾ?"

ಯಜಮಾನ ಹೊಟ್ಟೆಯ ಮೇಲೆ ಕೈಯಿಟ್ಟು ಯೋಚಿಸಿದ. ಆಮೇಲೆ, "ಹುಡುಗಿಯ ಮೇಲಿನ ಅಭಿಮಾನದಿಂದ ಉತ್ಪ್ರೇಕ್ಷೆ ಮಾಡಿದ್ದೆ. ಮೇಲಿನದೇ ನಿಜ" ಎಂದು ಗೀಚಿ ಸಹಿ ಹಾಕಿದ. "ಉತ್ಪ್ರೇಕ್ಷೆ"ಯ ಒತ್ತಕ್ಷರಗಳ ಮೇಲೆ ಪೆನ್ನು ಎರಡು ಸಲ ಹರಿದು ಹೋಯಿತು.

ಶುಕ್ರವಾರ ಸಾಹೇಬರ ಕೋಣೆಯಲ್ಲಿ ಹುಡುಗಿ ಗೋಡೆಗೆ ಒರಗಿ ನಿಂತಿದ್ದಳು. ಮೂರು ರಾತ್ರಿ ನಿದ್ದೆಯಿಲ್ಲದ ಕಣ್ಣು. ಸಾಹೇಬರು ಬೀಗಪ್ಪನ ಬರಹವನ್ನು ಗಟ್ಟಿಯಾಗಿ ಓದತೊಡಗಿದರು. ಯಾವ ಕೆಲಸವನ್ನೂ ಮಾಡಿರುವುದಿಲ್ಲ, ಸರಿ. ಕೊಕ್ಕರೆಯಂತೆ ಕೂತಿದ್ದಳು, ಸರಿ. "ಇವಳಿಂದ ಶೆಡ್ಡಿಗೆ ಕೂದಲಷ್ಟೂ ಉಪಯೋಗವಾಗಿಲ್ಲ" ಎಂಬಲ್ಲಿಗೆ ಬಂದಾಗ ಹುಡುಗಿ ಗೋಡೆ ಬಿಟ್ಟು ಮೇಜಿಗೆ ನುಗ್ಗಿದಳು.

"ಸುಳ್ಳು! ಆಸ್ಪತ್ರೆ ಲಿಫ್ಟಿನ ಕೀರಲು ಸದ್ದು ಮೋಟಾರಿಂದಲ್ಲ ಅಂತ ಮೊದಲು ಗೊತ್ತಾಗಿದ್ದೇ ನನಗೆ!"

ತಾರೀಖಕ್ಕ ಮೇಜಿನ ಕೆಳಗೆ ಅವಳ ಕಾಲು ತುಳಿದಳು. ತಡವಾಗಿತ್ತು. ಸಾಹೇಬರ ಕೈಯ ಪೆನ್ನು ಗಾಳಿಯಲ್ಲೇ ನಿಂತಿತು.

"ಅಂದ್ರೆ? ನೀನು ರಿಪೇರಿ ಮಾಡಿದ್ಯಾ?"

ಹುಡುಗಿಗೆ ತಾನು ಎಲ್ಲಿ ಕಾಲಿಟ್ಟೆ ಎಂಬುದು ತಿಳಿಯಿತು. ತಾರೀಖಕ್ಕ ನಡುವೆ ಬರಲಿಲ್ಲ. ಇಲ್ಲಿ ಬೇರೆಯವರು ಮಾತಾಡಿದರೆ ಅದು ಹೇಳಿಕೊಟ್ಟದ್ದಾಗುತ್ತದೆ.

"ಇಲ್ಲ ಸಾರ್," ಎಂದಳು ಹುಡುಗಿ. "ಮುಟ್ಲಿಲ್ಲ. ಆಸ್ಪತ್ರೆಯವರು ಶೆಡ್ಡಿಗೆ ಫೋನಲ್ಲಿ ಸದ್ದು ಕೇಳಿಸಿದ್ರು. ಡಬ್ಬಿ ಜಾರೋ ಕಂಬಿಯಿಂದ ಬರ್ತಿರಬಹುದಾ, ಯಾಕೆ ಆಗಿರಬಾರದು ಅಂತ ಹೆಡ್ ಮೆಕ್ಯಾನಿಕ್ಕರನ್ನ ಕೇಳಿದೆ. ಅವರು ಹೋಗಿ ನೋಡಿ ರಿಪೇರಿ ಮಾಡಿದ್ರು."

"ಬರೀ ಕೇಳಿದೆ?"

"ಕೇಳಿದೆ."

ಸಾಹೇಬರು ತಾರೀಖಕ್ಕನ ಮುಖ ನೋಡಿದರು.

"ನಿಯಮದಲ್ಲಿ ಕೆಲಸ ಮಾಡಬಾರದು ಅಂತಿದೆ ಸಾರ್. ಪ್ರಶ್ನೆ ಕೇಳಬಾರದು ಅಂತಿಲ್ಲ. ಪ್ರಶ್ನೆ ಕೇಳಲಿ ಅಂತಲೇ ಅಲ್ವಾ ಮೂರು ಪಟ್ಟು ಶುಲ್ಕ ತಗೊಂಡಿರೋದು?"

ಸಾಹೇಬರು ಒಂದು ನಿಮಿಷ ಆ ಒಂದೂವರೆ ಪುಟವನ್ನು ತಿರುಗಿಸಿ ಮುರುಗಿಸಿ ನೋಡಿದರು. "ಇಷ್ಟು ಕೆಟ್ಟ ಶಿಫಾರಸು ನನ್ನ ಜನ್ಮದಲ್ಲಿ ಓದಿಲ್ಲ," ಎಂದು ಹೇಳಿ ಮಂಜೂರಾತಿಯ ಮೊಹರು ಒತ್ತಿದರು.

ಹೊರಗೆ ಬಂದ ಮೇಲೆ ಹುಡುಗಿ ಅತ್ತಳು. ಖುಷಿಗಲ್ಲ. "ಅಕ್ಕಾ, ಕೂದಲಷ್ಟೂ ಉಪಯೋಗ ಇಲ್ಲ ಅಂತ ಬರೆದಿದಾರೆ."

"ಬರೀಲಿ ಬಿಡೇ. ಆ ಕೂದಲು ಹಿಡ್ಕೊಂಡೇ ನೀನು ದಡ ಸೇರಿದ್ದು."

ಕಾರ್ಡು ಬಂತು: ಆರು ತಿಂಗಳು, ವಾರಕ್ಕೆ ಇಪ್ಪತ್ತು ಗಂಟೆ. ಅದರಲ್ಲಿದ್ದ ದಿನ ಬೆಳಿಗ್ಗೆ ಶೆಡ್ಡಿನಲ್ಲಿ ಹುಡುಗಿಗೆ ಹತ್ತೊಂಬತ್ತನೇ ನಂಬರಿನ ಬಿಲ್ಲೆಗಳು ಸಿಕ್ಕವು. ಕೊರೆದವನು ಬೀಗಪ್ಪನೇ, ಹಲ್ಲು ಕಡಿದುಕೊಂಡು. ಅದಾದ ಹತ್ತನೇ ದಿನಕ್ಕೆ ಅವನು ನಾಲ್ಕನೇ ಕಿಟಕಿಯ ಮುಂದೆ ಬಂದು ನಿಂತ. ಸಾಲಿನಲ್ಲಿದ್ದ ಆರು ಜನರನ್ನು ಮೊಣಕೈಯಲ್ಲಿ ಪಕ್ಕಕ್ಕೆ ತಳ್ಳಿ.

"ನೀವು ನನಗೆ ಮೋಸ ಮಾಡಿದ್ರಿ. ಅವಳು ನಾಲಾಯಕ್ಕು ಅಂತ ಬರೆದುಕೊಟ್ರೆ ಅದನ್ನೇ ನೋಡಿ ಕೆಲಸಕ್ಕೆ ಬಿಟ್ರಂತೆ! ಯಾವ ಸೀಮೆ ಆಫೀಸು ಇದು?"

"ನೀವು ಬರೆದದ್ದು ನಿಜವೋ ಸುಳ್ಳೋ?"

"ನಿಜ! ಸುಳ್ಳು ಬರೆಯೋನಲ್ಲ ನಾನು."

"ಅದಕ್ಕೇ ನಡೀತು ಅಣ್ಣಾ. ಆ ಶೆಡ್ಡಲ್ಲಿ ನಿಜ ಹೇಳಿದೋರು ನೀವೊಬ್ಬರೇ."

ಬೀಗಪ್ಪನಿಗೆ ಇದು ಹೊಗಳಿಕೆಯೋ ಬೈಗುಳವೋ ತಿಳಿಯಲಿಲ್ಲ. ಮತ್ತೆ ಚುರುಕಾದ. "ನಿನ್ನೆ ಸ್ಪ್ಯಾನರು ವಾಪಸು ಕೊಡುವಾಗ ಗ್ರೀಸು ಒರೆಸಿಲ್ಲ. ನನ್ನ ಸ್ಪ್ಯಾನರುಗಳನ್ನ ಆ ಕಡೆಯಿಂದ ಜೋಡಿಸೋಕೆ ನೋಡ್ತಾಳೆ. ಇದನ್ನ ಯಾರ ಹತ್ರ ಹೇಳ್ಲಿ?"

ತಾರೀಖಕ್ಕ ಖಾನೆಯಿಂದ ಒಂದು ನಮೂನೆ ತೆಗೆದು ಕಿಟಕಿಯಿಂದ ಆಚೆ ಸರಿಸಿದಳು. ಇಂಟರ್ನ್ ವಿದ್ಯಾರ್ಥಿಯ ಮೇಲೆ ಕೆಲಸದ ಜಾಗದವರು ದೂರು ಕೊಡುವ ನಮೂನೆ, ವರ್ಷಗಟ್ಟಲೆಯಿಂದ ಯಾರೂ ಮುಟ್ಟದೆ ಅಂಚು ಹಳದಿಯಾಗಿತ್ತು.

"ಮೊದಲು ಅವಳು ಸುಮ್ನೆ ನೋಡೋಕೆ ಬಂದವಳು, ಅವಳ ಮೇಲೆ ದೂರು ನಡೀತಿರ್ಲಿಲ್ಲ. ಈಗ ಕಾರ್ಡಿದೆ. ಕಾನೂನುಬದ್ಧವಾಗಿ ಬೈಯಬಹುದು."

"ಎಷ್ಟು ಬೇಕಾದ್ರೂ?"

"ಆರು ತಿಂಗಳು. ವಾರಕ್ಕೆ ಇಪ್ಪತ್ತು ಗಂಟೆ."

ಬೀಗಪ್ಪ ಬೆಂಚಿನ ಮೇಲೆ ಕೂತು, ಪೆನ್ನಿನ ಮುಚ್ಚಳ ತೆಗೆದು, ತನ್ನಿಂದ ತಳ್ಳಿಸಿಕೊಂಡ ಆರು ಜನರಿಗೂ ಜಾಗ ಬಿಡದೆ ಮೊಣಕೈ ಅಗಲಿಸಿ ಬರೆಯತೊಡಗಿದ. ಊಟದ ಹೊತ್ತಿಗೆ ಎದ್ದು ಬಂದು, ಇನ್ನೆರಡು ಹಾಳೆ ಕೊಡಿ ಅಂದ.